ಹಿತ್ತಿಲಲ್ಲಿ ವಿಮಾನ ಕಟ್ಟಬಹುದೆ?

ಅಮೆರಿಕದ ಕೆಲವು ಮನೆಗಳ ಮುಂದೆ ಕಾರು ವರ್ಷಗಟ್ಟಲೆ ಮಳೆಯಲ್ಲಿ, ಹಿಮದಲ್ಲಿ ನೆನೆಯುತ್ತ ನಿಂತಿರುತ್ತದೆ. ಕಾರಿಗೆಂದೇ ಕಟ್ಟಿಸಿದ ಗ್ಯಾರೇಜಿನಲ್ಲಿ ಅದಕ್ಕೆ ಜಾಗವಿಲ್ಲ. ಬಾಗಿಲು ಸರಿಸಿ ಇಣುಕಿದರೆ ಮೇಜಿನ ಮೇಲೆ ಮಲಗಿಸಿದ ಅಲ್ಯೂಮಿನಿಯಂ ರೆಕ್ಕೆ, ಗೋಡೆಗೆ ಒರಗಿಸಿದ ಬಾಲ, ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಎಂಜಿನ್. ಮನೆಯ ಯಜಮಾನ ಕೆಲಸದಿಂದ ಬಂದು, ಊಟ ಮುಗಿಸಿ, ರಾತ್ರಿ ಹನ್ನೊಂದರವರೆಗೆ ಅಲ್ಲಿ ರಿವೆಟ್ಟು ಹೊಡೆಯುತ್ತಾನೆ. ಆತ ಎಂಜಿನಿಯರೇ ಆಗಿರಬೇಕೆಂದಿಲ್ಲ. ಹಲ್ಲಿನ ಡಾಕ್ಟರು, ಅಂಚೆ ನೌಕರ, ಶಾಲಾ ಮಾಸ್ತರು, ಯಾರೂ ಆಗಿರಬಹುದು. ನಾಲ್ಕೈದು ವರ್ಷಗಳ ನಂತರ ಒಂದು ದಿನ ಗ್ಯಾರೇಜಿನಿಂದ ಹೊರಬರುವುದು ಆಟಿಕೆಯಲ್ಲ. ಇಬ್ಬರು ಕುಳಿತು ಗಂಟೆಗೆ 250-300 ಕಿಲೋಮೀಟರ್ ವೇಗದಲ್ಲಿ ಹಾರಬಲ್ಲ ನಿಜವಾದ ವಿಮಾನ.

ಇದು ಕೈಬೆರಳಲ್ಲಿ ಎಣಿಸುವಷ್ಟು ಮಂದಿಯ ಹುಚ್ಚು ಎಂದುಕೊಳ್ಳಬೇಡಿ. ಅಮೆರಿಕ ಒಂದರಲ್ಲೇ ಹೀಗೆ ಮನೆಯಲ್ಲಿ ಕಟ್ಟಿ ನೋಂದಾಯಿಸಿದ ವಿಮಾನಗಳ ಸಂಖ್ಯೆ 2011ರ ವೇಳೆಗೇ 30 ಸಾವಿರ ದಾಟಿತ್ತು. ಪಾಲ್ ಪೋಬೆರೆಜ್ನಿ ಎಂಬ ಪೈಲಟ್ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದಷ್ಟು ಗೆಳೆಯರನ್ನು ಕೂಡಿಸಿಕೊಂಡು ಪ್ರಾಯೋಗಿಕ ವಿಮಾನ ಸಂಘ ಕಟ್ಟಿದರು. 1970ರಿಂದ ಆ ಸಂಘದ ವಾರ್ಷಿಕ ಮೇಳ ಆಷ್‌ಕಾಷ್ ಎಂಬ ಊರಿನಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಜಾತ್ರೆಗೆ ಎತ್ತಿನಗಾಡಿ ಕಟ್ಟಿಕೊಂಡು ಬರುತ್ತಿದ್ದ ಹಾಗೆ ಅಲ್ಲಿಗೆ ಜನ ತಂತಮ್ಮ ವಿಮಾನದಲ್ಲೇ ಬಂದಿಳಿದು, ರೆಕ್ಕೆಯ ನೆರಳಿನಲ್ಲಿ ಡೇರೆ ಹಾಕಿ ಮಲಗುತ್ತಾರೆ.

ಇಂಥ ಸುದ್ದಿ ಓದಿದ, ಚಿತ್ರ ನೋಡಿದ ಮಕ್ಕಳು ಮನೆಯಲ್ಲಿ ಕೇಳುವ ಪ್ರಶ್ನೆ ಸಹಜವಾದದ್ದೇ: ‘ನಾವೂ ಯಾಕೆ ಕಟ್ಟಬಾರದು?’ ಅಪ್ಪ ಅಮ್ಮನ ಉತ್ತರ ಸಾಮಾನ್ಯವಾಗಿ ಒಂದು ಗದರಿಕೆ. ಗದರಿಕೆಗಿಂತ ಒಳ್ಳೆಯ ಉತ್ತರ ಈ ಪ್ರಶ್ನೆಗೆ ಸಲ್ಲಬೇಕು.

ಪೆಟ್ಟಿಗೆಯಲ್ಲಿ ಬರುವ ವಿಮಾನ

ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ಎರಡು ದಾರಿ. ಒಂದು, ಪರಿಣತರು ತಯಾರಿಸಿದ ನಕ್ಷೆಯನ್ನು ಕೊಂಡು, ಮರ, ಬಟ್ಟೆ, ಲೋಹದ ಹಾಳೆ ಇತ್ಯಾದಿಗಳನ್ನು ತಾವೇ ಹೊಂದಿಸಿಕೊಂಡು ಮೊದಲಿನಿಂದ ಕಟ್ಟುವುದು. ಇದು ಹಳೆಯ ದಾರಿ. ಬ್ರೆಜಿಲಿನ ಸ್ಯಾಂಟೋಸ್ ಡುಮಾಂಟ್ ತಮ್ಮ ಪುಟ್ಟ ‘ಡೆಮಾಯ್ಸೆಲ್’ ವಿಮಾನದ ನಕ್ಷೆಯನ್ನು ಪೇಟೆಂಟ್ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿದ್ದರು. 1910ರಲ್ಲಿ ಅಮೆರಿಕದ ಒಂದು ಜನಪ್ರಿಯ ತಾಂತ್ರಿಕ ಪತ್ರಿಕೆ ಅದನ್ನು ಅಚ್ಚು ಹಾಕಿತ್ತು.

ಎರಡನೆಯದು ಕಿಟ್. ಕಾರ್ಖಾನೆಯವರು ಭಾಗಗಳನ್ನು ಕತ್ತರಿಸಿ, ಬಾಗಿಸಿ, ತೂತು ಕೊರೆದು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಕಳಿಸುತ್ತಾರೆ. ಜೋಡಿಸುವುದು ಕೊಂಡವರ ಕೆಲಸ. ಈಗ ಹೆಚ್ಚಿನವರು ಹಿಡಿಯುವುದು ಇದನ್ನೇ. ಆರೆಗಾನ್ ರಾಜ್ಯದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಸ್ಥಾಪಿಸಿದ ಕಂಪನಿಯ ‘ಆರ್‌ವಿ’ ಸರಣಿಯ ವಿಮಾನಗಳೇ 11 ಸಾವಿರಕ್ಕೂ ಹೆಚ್ಚು ಹಾರಿವೆ.

ಪೂರ್ತಿ ಸಿದ್ಧವಾದ ವಿಮಾನವನ್ನೇ ತಂದು ‘ನಾನು ಕಟ್ಟಿದೆ’ ಎಂದರೆ ಅಲ್ಲಿನ ಸರ್ಕಾರ ಒಪ್ಪುವುದಿಲ್ಲ. ಒಟ್ಟು ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಯೇ ತನ್ನ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ಬಾಯಿಮಾತಿನಲ್ಲಿ ಇದಕ್ಕೆ ‘ಶೇಕಡಾ 51ರ ನಿಯಮ’ ಎಂದು ಹೆಸರು.

ಸಮಯದ ಲೆಕ್ಕ ನೋಡಿ. ಲೋಹದ ಎರಡು ಸೀಟಿನ ಕಿಟ್ ಒಂದಕ್ಕೆ ಸುಮಾರು 2000 ಗಂಟೆ ಕೆಲಸ ಹಿಡಿಯುತ್ತದೆ. ವಾರಕ್ಕೆ 10 ಗಂಟೆ ಬಿಡುವು ಮಾಡಿಕೊಂಡರೂ 200 ವಾರ. ಅಂದರೆ ನಾಲ್ಕು ವರ್ಷಕ್ಕೆ ಸ್ವಲ್ಪವೇ ಕಡಿಮೆ. ಹೊಡೆಯಬೇಕಾದ ರಿವೆಟ್ಟುಗಳೇ ಹತ್ತು ಸಾವಿರಕ್ಕೂ ಮಿಕ್ಕಿ. ಅರ್ಧಕ್ಕೆ ನಿಂತು ಮಾರಾಟಕ್ಕೆ ಬರುವ ವಿಮಾನಗಳೂ ಬಹಳ. ಮದುವೆ, ಮಕ್ಕಳು, ವರ್ಗಾವಣೆ, ಬೆನ್ನುನೋವು, ಎಲ್ಲವೂ ನಾಲ್ಕು ವರ್ಷದಲ್ಲಿ ಅಡ್ಡ ಬರುವಂಥವೇ ತಾನೆ?

ಹಣದ ಲೆಕ್ಕ ಇನ್ನೂ ಬಿಸಿ. ಕಿಟ್, ಎಂಜಿನ್, ಪ್ರೊಪೆಲರ್, ಉಪಕರಣ, ಬಣ್ಣ ಎಲ್ಲ ಸೇರಿ ಒಂದು ಲಕ್ಷ ಡಾಲರ್ ದಾಟುವುದು ಈಗ ಮಾಮೂಲು. ಕೇರಳ ಮೂಲದ ಎಂಜಿನಿಯರೊಬ್ಬರು ಕೋವಿಡ್ ದಿಗ್ಬಂಧನದ ದಿನಗಳಲ್ಲಿ ಇಂಗ್ಲೆಂಡಿನ ತಮ್ಮ ಮನೆಯ ಹಿತ್ತಿಲಲ್ಲಿ ಶೆಡ್ಡು ಹಾಕಿ ನಾಲ್ಕು ಸೀಟಿನ ‘ಸ್ಲಿಂಗ್’ ವಿಮಾನ ಕಟ್ಟಿದ ಸುದ್ದಿ 2022ರಲ್ಲಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅವರು ಯೂರೋಪ್ ಸುತ್ತಿದರು. ಖರ್ಚು ಸುಮಾರು 1 ಲಕ್ಷದ 40 ಸಾವಿರ ಪೌಂಡು. ಸುದ್ದಿಯ ಶೀರ್ಷಿಕೆಗಳಲ್ಲಿ ಕಾಣದೆ ಹೋದ ಒಂದು ಸಂಗತಿ ಇದೆ: ಅವರು ಮೊದಲು ಪೈಲಟ್ ಲೈಸೆನ್ಸ್ ಪಡೆದು, ಆಮೇಲೆ ಪೆಟ್ಟಿಗೆ ಬಿಚ್ಚಿದವರು.

ಬೈಕಿನ ಎಂಜಿನ್ ಯಾಕಾಗದು?

ಹಳ್ಳಿಯ ಯುವಕ ಬೈಕಿನ ಎಂಜಿನ್‌ಗೆ ರೆಕ್ಕೆ ಕಟ್ಟಿ ವಿಮಾನ ಮಾಡಿದ ಎಂಬ ಸುದ್ದಿ ನಮ್ಮ ದೇಶದಲ್ಲಿ ಆಗಾಗ ಬರುತ್ತದೆ. ಓದಿದವರು ಶಹಬ್ಬಾಸ್ ಎನ್ನುತ್ತಾರೆ. ಜನಪ್ರತಿನಿಧಿಗಳು ಹಾರ ಹಾಕುತ್ತಾರೆ. ಅಂಥ ಹುಡುಗರ ಕೈಚಳಕವನ್ನು ಹೀಗಳೆಯುವುದು ಸಲ್ಲದು. ಆದರೆ 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ನಡೆದದ್ದನ್ನೂ ನೆನಪಿಡಬೇಕು. ಇಪ್ಪತ್ತರ ಹರೆಯದ ಒಬ್ಬ ವೆಲ್ಡಿಂಗ್ ಕೆಲಸಗಾರ, ಶಾಲೆ ಅರ್ಧಕ್ಕೆ ಬಿಟ್ಟವನು, ಬಹುಕಾಲ ದುಡಿದು ಸಣ್ಣ ಹೆಲಿಕಾಪ್ಟರ್ ಕಟ್ಟಿದ. ನೆಲದ ಮೇಲೇ ಎಂಜಿನ್ ಓಡಿಸಿ ಪರೀಕ್ಷಿಸುತ್ತಿದ್ದಾಗ ಬಾಲದ ರೋಟರಿನ ಅಲಗು ಮುರಿದು ಮೇಲಿನ ದೊಡ್ಡ ರೋಟರಿಗೆ ಬಡಿಯಿತು. ಆ ದೊಡ್ಡ ಅಲಗು ಒಳಗೆ ಕುಳಿತವನಿಗೇ ಬಂದು ತಗುಲಿತು. ಆತ ಉಳಿಯಲಿಲ್ಲ. ವಾಹನ ನೆಲ ಬಿಟ್ಟು ಮೇಲೆದ್ದೇ ಇರಲಿಲ್ಲ ಎಂಬುದನ್ನು ಗಮನಿಸಿ.

ತಿರುಗುವ ಅಲಗಿನಲ್ಲಿ ಎಷ್ಟು ಬಲ ಅಡಗಿರುತ್ತದೆ ಎಂಬುದನ್ನು ಪಿಯುಸಿ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಅಕ್ಷದಿಂದ ಒಂದು ಮೀಟರ್ ದೂರದಲ್ಲಿ ಒಂದು ಕಿಲೋಗ್ರಾಂ ತೂಕದ ತುಂಡು ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆ ಎನ್ನಿ. ಅದನ್ನು ಬಿಗಿಹಿಡಿಯಲು ಬೇಕಾದ ಬಲ 6000 ನ್ಯೂಟನ್‌ಗೂ ಹೆಚ್ಚು. ಅಂದರೆ 600 ಕಿಲೋಗ್ರಾಂಗೂ ಮೀರಿದ ತೂಕ ಜೋತುಬಿದ್ದ ಹಾಗೆ. ಬೆಸುಗೆಯ ಒಂದು ಕೂದಲೆಳೆ ಬಿರುಕು ಆ ಎಳೆತವನ್ನು ಎಷ್ಟು ಹೊತ್ತು ತಡೆದೀತು?

ಇನ್ನು ಎಂಜಿನ್ ವಿಷಯ. ಬೈಕಿನ ಎಂಜಿನ್ ತನ್ನ ಪೂರ್ತಿ ಶಕ್ತಿ ತೋರಿಸುವುದು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತಿನಲ್ಲಿ. 1.8 ಮೀಟರ್ ಉದ್ದದ ಪ್ರೊಪೆಲರನ್ನು ನೇರವಾಗಿ ಅದಕ್ಕೆ ಸಿಕ್ಕಿಸಿ 7500 ಸುತ್ತು ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ 700 ಮೀಟರ್ ಆಗುತ್ತದೆ. ಇದು ಶಬ್ದದ ವೇಗದ ಎರಡು ಪಟ್ಟು! ಹಾಗೆ ತಿರುಗುವ ಪ್ರೊಪೆಲರ್ ವಿಮಾನವನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಗದ್ದಲ ಮಾಡುತ್ತದೆ. ಅದಕ್ಕೂ ಮೊದಲೇ ಅದು ಚೂರಾದರೆ ಆಶ್ಚರ್ಯವಿಲ್ಲ. ವಿಮಾನಕ್ಕೆಂದೇ ತಯಾರಾದ ಹಳೆಯ ಬಗೆಯ ಎಂಜಿನ್‌ಗಳು ನಿಮಿಷಕ್ಕೆ 2700 ಸುತ್ತಿನ ಆಸುಪಾಸಿನಲ್ಲೇ ಪೂರ್ತಿ ಶಕ್ತಿ ಕೊಡುತ್ತವೆ. ಆಗ ಅದೇ ಪ್ರೊಪೆಲರಿನ ತುದಿ ಸೆಕೆಂಡಿಗೆ 254 ಮೀಟರ್. ಆಸ್ಟ್ರಿಯಾದ ‘ರೋಟಾಕ್ಸ್ 912’ ಎಂಬ ಹಗುರ ಎಂಜಿನ್ 5800 ಸುತ್ತು ತಿರುಗಿದರೂ ನಡುವೆ ಹಲ್ಲುಚಕ್ರದ ಪೆಟ್ಟಿಗೆ ಇಟ್ಟು ಪ್ರೊಪೆಲರನ್ನು ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ತಿರುಗಿಸುತ್ತದೆ.

ಇಷ್ಟೇ ಅಲ್ಲ. ಬೈಕನ್ನು ಪೂರ್ತಿ ಎಕ್ಸಲರೇಟರ್ ಕೊಟ್ಟು ಗಂಟೆಗಟ್ಟಲೆ ಓಡಿಸುವವರಿಲ್ಲ. ವಿಮಾನದ ಎಂಜಿನ್ ಏರುವಾಗ ಪೂರ್ತಿ ಶಕ್ತಿ, ಆಮೇಲೆ ಮುಕ್ಕಾಲು ಶಕ್ತಿಯಲ್ಲಿ ಬಿಡುವಿಲ್ಲದೆ ದುಡಿಯುತ್ತದೆ. ಒಂದು ಕಿಡಿ ಕೈಕೊಟ್ಟರೆ ಇನ್ನೊಂದಿರಲಿ ಎಂದು ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗು ಇಟ್ಟಿರುತ್ತಾರೆ. ಬೈಕು ಕೆಟ್ಟರೆ ರಸ್ತೆಬದಿಗೆ ತಳ್ಳಬಹುದು ಎಂಬ ಹಳೆಯ ಮಾತನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ರೈಟ್ ಸಹೋದರರ ಹೆಸರನ್ನು ಎಲ್ಲ ಹುಡುಗರೂ ಹೇಳುತ್ತಾರೆ. ಸೈಕಲ್ ಅಂಗಡಿಯವರು ವಿಮಾನ ಕಟ್ಟಲಿಲ್ಲವೆ ಎನ್ನುತ್ತಾರೆ. ಕಟ್ಟಿದ್ದು ಹೌದು. ಆದರೆ ಅವರು ಎಂಜಿನ್‌ನಿಂದ ಶುರುಮಾಡಲಿಲ್ಲ. ಮೊದಲು ಗಾಳಿಪಟದ ಹಾಗೆ ಹಗ್ಗ ಕಟ್ಟಿ ಹಾರಿಸಿದರು. 1901ರಲ್ಲಿ ಸ್ವಂತ ವಾಯುಸುರಂಗ ಮಾಡಿ ಪುಟ್ಟ ಪುಟ್ಟ ರೆಕ್ಕೆಗಳ ಸುಮಾರು 200 ಮಾದರಿಗಳನ್ನು ಪರೀಕ್ಷಿಸಿದರು. 1902ರಲ್ಲಿ ಎಂಜಿನ್ ಇಲ್ಲದ ಗ್ಲೈಡರಿನಲ್ಲಿ ಮರಳುದಿಬ್ಬದಿಂದ ನೂರಾರು ಸಲ ಜಾರಿ ಜಾರಿ ಹಾರಾಟ ಕಲಿತರು. ಇಷ್ಟೆಲ್ಲ ಆದಮೇಲೆ 1903ರ ಡಿಸೆಂಬರ್ 17ರಂದು ಎಂಜಿನ್ ಸಮೇತ ಹಾರಿದ್ದು. ಮೊದಲ ಹಾರಾಟ 12 ಸೆಕೆಂಡು, 120 ಅಡಿ.

ಆಕಾಶದ ಹೇನು

ಹಾಗಾದರೆ ಒಳ್ಳೆಯ ನಕ್ಷೆ, ಅಚ್ಚುಕಟ್ಟಾದ ಕೈಗೆಲಸ ಇದ್ದರೆ ಸಾಕೆ? 1930ರ ದಶಕದ ಒಂದು ಫ್ರೆಂಚ್ ಕತೆ ಸಾಲದು ಎನ್ನುತ್ತದೆ.

ಆನ್ರಿ ಮಿನ್ಯೆ ಎಂಬ ಉತ್ಸಾಹಿ 1933ರಲ್ಲಿ ಒಂದು ಕುಳ್ಳ ವಿಮಾನ ಹಾರಿಸಿದ. ಒಂದರ ಹಿಂದೊಂದು ಎರಡು ರೆಕ್ಕೆ, ಒಂದು ಸೀಟು, 17 ಅಶ್ವಶಕ್ತಿಯ ಪುಟ್ಟ ಎಂಜಿನ್. ಕಾಲಿನ ಪೆಡಲು ಇಲ್ಲ. ಕೈಯ ಕೋಲೊಂದರಿಂದಲೇ ಎಲ್ಲ ನಿಯಂತ್ರಣ. ಮುಂದಿನ ರೆಕ್ಕೆಯನ್ನೇ ಓರೆ ಮಾಡಿ ಮೂತಿ ಎತ್ತುವುದು, ಇಳಿಸುವುದು. ಅದಕ್ಕೆ ಆತ ಇಟ್ಟ ಹೆಸರು ‘ಪೂ-ದ್ಯು-ಸಿಯೆಲ್’, ಅಂದರೆ ಆಕಾಶದ ಹೇನು. ಇಂಗ್ಲಿಷರು ಅದನ್ನು ಹಾರುವ ಚಿಗಟ ಎಂದು ಕರೆದರು. 1934ರಲ್ಲಿ ಮಿನ್ಯೆ ಬರೆದ ಪುಸ್ತಕ ಸಾಮಾನ್ಯನಿಗೂ ಧೈರ್ಯ ಕೊಟ್ಟಿತು. ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವರೆಲ್ಲ ವಿಮಾನ ಕಟ್ಟಬಲ್ಲರು ಎಂಬುದು ಅವನ ಧೋರಣೆ. ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಅದು ಜ್ವರದಂತೆ ಹಬ್ಬಿತು. ಬಡಗಿಗಳು, ಗುಮಾಸ್ತರು, ಕಾಲೇಜು ಹುಡುಗರು ಕೊಟ್ಟಿಗೆಗಳಲ್ಲಿ ಹೇನು ಕಟ್ಟತೊಡಗಿದರು.

ಆಮೇಲೆ ಅವು ಬೀಳತೊಡಗಿದವು. ಬಿದ್ದ ರೀತಿಯೂ ವಿಚಿತ್ರ. ಮೂತಿ ಕೆಳಗೆ ಮಾಡಿ ಇಳಿಯತೊಡಗಿದ ವಿಮಾನ ಮತ್ತೆ ಮೇಲೇಳುತ್ತಿರಲಿಲ್ಲ, ನೇರವಾಗಿ ನೆಲಕ್ಕೇ. ಸತ್ತವರು ಒಬ್ಬಿಬ್ಬರಲ್ಲ. ಕಟ್ಟಿದವರ ಕೈಗೆಲಸ ಸರಿಯಿಲ್ಲ ಎಂದರು ಕೆಲವರು, ಹಾರಿಸಿದವರಿಗೆ ಬುದ್ಧಿಯಿಲ್ಲ ಎಂದರು ಕೆಲವರು. ಕಡೆಗೆ ಫ್ರಾನ್ಸಿನ ಹಾಗೂ ಇಂಗ್ಲೆಂಡಿನ ದೊಡ್ಡ ವಾಯುಸುರಂಗಗಳಲ್ಲಿ ಪೂರ್ಣ ಗಾತ್ರದ ವಿಮಾನವನ್ನೇ ನಿಲ್ಲಿಸಿ ಗಾಳಿ ಹಾಯಿಸಿ ನೋಡಿದಾಗ ಗುಟ್ಟು ಬಯಲಾಯಿತು.

ಮುಂದಿನ ರೆಕ್ಕೆಯ ಹಿಂದಂಚಿಗೂ ಹಿಂದಿನ ರೆಕ್ಕೆಯ ಮುಂದಂಚಿಗೂ ನಡುವೆ ಇದ್ದದ್ದು ಕಿರಿದಾದ ಸಂದು. ಇಳಿಯುತ್ತಿರುವ ವಿಮಾನದ ಪೈಲಟ್ ಗಾಬರಿಯಿಂದ ಕೋಲನ್ನು ತನ್ನತ್ತ ಎಳೆದರೆ ಮುಂದಿನ ರೆಕ್ಕೆಯ ಹಿಂದಂಚು ಕೆಳಗೆ ಬಾಗಿ ಸಂದು ಇನ್ನೂ ಕಿರಿದಾಗುತ್ತಿತ್ತು. ಅಲ್ಲಿ ನುಗ್ಗಿದ ಗಾಳಿ ಹಿಂದಿನ ರೆಕ್ಕೆಯ ಎತ್ತುವ ಬಲವನ್ನು ಹೆಚ್ಚಿಸುತ್ತಿತ್ತು. ಬಾಲ ಮೇಲೆ, ಮೂತಿ ಕೆಳಗೆ! ಅಂದರೆ ಬದುಕಲು ಮಾಡಿದ ಪ್ರಯತ್ನವೇ ವಿಮಾನವನ್ನು ಮತ್ತಷ್ಟು ಕೆಳಕ್ಕೆ ನೂಕುತ್ತಿತ್ತು. ಮೊಳೆ ಸರಿಯಾಗಿತ್ತು, ಅಂಟು ಸರಿಯಾಗಿತ್ತು, ಪೈಲಟ್ ಮಾಡಿದ್ದೂ ಸರಿಯಾಗಿತ್ತು. ತಪ್ಪು ಇದ್ದದ್ದು ಬರಿಗಣ್ಣಿಗೆ ಕಾಣದ ಗಾಳಿಯ ಹರಿವಿನಲ್ಲಿ. ಆ ಮಾದರಿಯ ಹಾರಾಟವನ್ನು ಸರ್ಕಾರಗಳು ನಿಲ್ಲಿಸಿದವು. ಮುಂದೆ ಮಿನ್ಯೆಯೇ ಅದನ್ನು ತಿದ್ದಿದ. ತಿದ್ದಿದ ಮಾದರಿಗಳು ಸುಖವಾಗಿ ಹಾರಿದವು. ಸ್ವಂತ ವಿನ್ಯಾಸದ ಹುಮ್ಮಸ್ಸಿನಲ್ಲಿರುವ ಪ್ರತಿಯೊಬ್ಬ ಹುಡುಗನೂ ಓದಬೇಕಾದ ಕತೆ ಇದು.

ಬೀಳುವುದು ಯಾಕೆ?

ಮನೆಯಲ್ಲಿ ಕಟ್ಟಿದ ವಿಮಾನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರೆಕ್ಕೆ ಕಳಚಿ ಬೀಳುವ ದೃಶ್ಯ. ವಾಸ್ತವ ಹಾಗಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 2012ರಲ್ಲಿ ಈ ಬಗ್ಗೆ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಆ ದೇಶದ ಖಾಸಗಿ ಸಣ್ಣ ವಿಮಾನಗಳಲ್ಲಿ ಮನೆಯಲ್ಲಿ ಕಟ್ಟಿದವುಗಳ ಪಾಲು ಹೆಚ್ಚುಕಡಿಮೆ ಶೇಕಡಾ 10. ಆದರೆ 2011ರಲ್ಲಿ ಅಪಘಾತಗಳಲ್ಲಿ ಅವುಗಳ ಪಾಲು ಶೇಕಡಾ 15. ಸಾವು ತಂದ ಅಪಘಾತಗಳಲ್ಲಿ ಶೇಕಡಾ 21. ಅಂದರೆ ಅಪಾಯ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಕಾರಣಗಳಲ್ಲಿ ಮುಂದೆ ನಿಂತವು ಎರಡು: ಎಂಜಿನ್ ಕೈಕೊಡುವುದು, ಹಾರಾಟದಲ್ಲಿ ನಿಯಂತ್ರಣ ತಪ್ಪುವುದು. ಇನ್ನೊಂದು ಕುತೂಹಲದ ಸಂಗತಿ: ಆ ವರ್ಷ ಅಪಘಾತಕ್ಕೀಡಾದ ಇಂಥ ವಿಮಾನಗಳಲ್ಲಿ ಅರ್ಧಕ್ಕೂ ಹೆಚ್ಚು ಕಟ್ಟಿದವರ ಕೈಯಲ್ಲಿರಲಿಲ್ಲ; ಬೇರೆಯವರು ಕಟ್ಟಿದ್ದನ್ನು ಕೊಂಡವರ ಕೈಯಲ್ಲಿದ್ದವು.

ನಿಯಂತ್ರಣ ತಪ್ಪುವುದು ಎಂದರೇನು? ರೆಕ್ಕೆಯ ಎತ್ತುವ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ಅರ್ಧವಾದರೆ ಬಲ ಕಾಲು ಭಾಗವಾಗುತ್ತದೆ. ಕೊರತೆ ತುಂಬಲು ಮೂತಿ ಎತ್ತಿ ರೆಕ್ಕೆಯನ್ನು ಗಾಳಿಗೆ ಹೆಚ್ಚು ಓರೆಯಾಗಿ ಒಡ್ಡಬೇಕು. ಅದಕ್ಕೊಂದು ಮಿತಿಯಿದೆ, ಮೀರಿದರೆ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಇದೇ ‘ಸ್ಟಾಲ್’. ಎಂಜಿನ್ ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ವಿಮಾನ ಓರೆಯಾಗಿ ತಿರುಗುವಾಗ ಈ ಮಿತಿ ಮೋಸ ಮಾಡುತ್ತದೆ. 60 ಡಿಗ್ರಿ ಓರೆಯಲ್ಲಿ, ಎತ್ತರ ಕಳೆದುಕೊಳ್ಳದೆ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಎರಡು ಪಟ್ಟು. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನ ಆಗ 113 ಕಿಲೋಮೀಟರಿಗೇ ಸ್ಟಾಲ್ ಆಗುತ್ತದೆ. ಏರಿದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತರೆ ಪೈಲಟ್‌ಗೆ ತೋಚುವುದು ಹಿಂತಿರುಗಿ ರನ್‌ವೇಗೆ ಬರೋಣ ಎಂದು. ವೇಗ ಕಡಿಮೆ, ಎತ್ತರ ಕಡಿಮೆ, ತಿರುವು ಕಡಿದು. ಇಂಥ ತಿರುವಿನಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ಮುಂದೆ ಕಂಡ ಬಯಲಿಗೋ ಹೊಲಕ್ಕೋ ನೇರವಾಗಿ ಇಳಿಸಬೇಕೆಂದು ಹಾರಾಟ ಶಾಲೆಗಳಲ್ಲಿ ಹೇಳಿಕೊಡುವುದು ಇದಕ್ಕೇ.

ಇನ್ನೊಂದು, ಗುರುತ್ವ ಕೇಂದ್ರ. ಇದನ್ನು ಮನೆಯಲ್ಲೇ ನೋಡಬಹುದು. ಕಾಗದದ ಬಾಣ ಮಾಡಿ ಮೂತಿಗೆ ಒಂದು ಜೆಮ್ ಕ್ಲಿಪ್ ಸಿಕ್ಕಿಸಿ ಎಸೆಯಿರಿ. ನೆಟ್ಟಗೆ ಹೋಗುತ್ತದೆ. ಅದೇ ಕ್ಲಿಪ್ಪನ್ನು ಬಾಲಕ್ಕೆ ಸಿಕ್ಕಿಸಿ ಎಸೆಯಿರಿ. ಮೂತಿ ಮೇಲೆತ್ತಿ, ನಿಂತು, ಲಾಗ ಹಾಕಿ ಬೀಳುತ್ತದೆ. ನಿಜವಾದ ವಿಮಾನದಲ್ಲಿ ಹಿಂದಿನ ಸೀಟಿನ ಹಿಂದೆ ಇಟ್ಟ ಒಂದು ಭಾರದ ಚೀಲ ಆ ಕ್ಲಿಪ್ಪಿನ ಕೆಲಸ ಮಾಡಬಲ್ಲದು. ಆದ್ದರಿಂದಲೇ ಕಟ್ಟಿ ಮುಗಿದ ವಿಮಾನದ ಮೂರು ಚಕ್ರಗಳನ್ನೂ ಮೂರು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗಿ, ಕೇಂದ್ರ ಎಲ್ಲಿದೆಯೆಂದು ಲೆಕ್ಕ ಹಾಕದೆ ಹಾರಿಸುವಂತಿಲ್ಲ.

ಭುಜದ ಹಿಂದಿನ ನಲ್ಲಿ

ಜಾನ್ ಡೆನ್ವರ್ ಎಂಬ ಪ್ರಸಿದ್ಧ ಅಮೆರಿಕನ್ ಹಾಡುಗಾರ ಸತ್ತದ್ದು ಇಂಥದೇ ಒಂದು ವಿಮಾನದಲ್ಲಿ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಅದು ಬಿತ್ತು. ವಿಮಾನ ‘ಲಾಂಗ್-ಈಝಡ್’; ಬರ್ಟ್ ರುಟಾನ್ ಎಂಬ ಪ್ರತಿಭಾವಂತನ ವಿನ್ಯಾಸ. ಫೋಮ್ ಮತ್ತು ಫೈಬರ್‌ಗ್ಲಾಸಿನಿಂದ ಕಟ್ಟುವ ಇದರಲ್ಲಿ ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಮತ್ತು ಎಂಜಿನ್ ಹಿಂದೆ. ಮುಂದಿನ ಪುಟ್ಟ ರೆಕ್ಕೆ ಮೊದಲು ಸ್ಟಾಲ್ ಆಗಿ ಮೂತಿ ತಾನಾಗಿ ಬಾಗುವುದರಿಂದ ದೊಡ್ಡ ರೆಕ್ಕೆ ಸ್ಟಾಲ್ ಆಗುವುದೇ ಕಷ್ಟ. ಸುರಕ್ಷಿತವೆಂದು ಹೆಸರಾದ ನಕ್ಷೆ.

ಡೆನ್ವರ್ ಹೊಸಬರೂ ಅಲ್ಲ. 2700 ಗಂಟೆಗೂ ಹೆಚ್ಚು ಹಾರಿದ ಪೈಲಟ್. ಆದರೆ ಈ ವಿಮಾನ ಅವರು ಕಟ್ಟಿದ್ದಲ್ಲ, ಆಗಷ್ಟೇ ಕೊಂಡದ್ದು. ಹಿಂದಿನ ದಿನ ಅರ್ಧ ಗಂಟೆ ಹಾರಿಸಿ ನೋಡಿದ್ದರು. ಇಂಧನವನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿ ರುಟಾನ್‌ರ ನಕ್ಷೆಯಲ್ಲಿ ಪೈಲಟ್ಟಿನ ಕಾಲುಗಳ ನಡುವೆ ಇತ್ತು. ಈ ವಿಮಾನ ಕಟ್ಟಿದವರು ಅದನ್ನು ಪೈಲಟ್ಟಿನ ಎಡಭುಜದ ಹಿಂದಕ್ಕೆ ಸರಿಸಿದ್ದರು. ಕುಳಿತ ಕೊಠಡಿಗೆ ಪೆಟ್ರೋಲ್ ಕೊಳವೆ ಬರುವುದು ಬೇಡವೆಂಬ ಸದುದ್ದೇಶದಿಂದಲೇ. ಹಿಡಿಯನ್ನು ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕು ಎಂಬ ಗುರುತು ಅಲ್ಲಿರಲಿಲ್ಲ. ಇಂಧನ ಎಷ್ಟಿದೆಯೆಂದು ತೋರಿಸುವ ಗಾಜಿನ ಮೇಲೂ ಗುರುತಿರಲಿಲ್ಲ.

ತನಿಖೆ ಮಾಡಿದ ಸುರಕ್ಷಾ ಮಂಡಳಿ ಮುಟ್ಟಿದ ತೀರ್ಮಾನ ಇಷ್ಟು: ಹಿಡಿಯನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಗಮನ ಹಾರಾಟದಿಂದ ಸರಿಯಿತು, ಬಲಗಾಲು ಅರಿವಿಲ್ಲದೆ ಪೆಡಲನ್ನು ಒತ್ತಿತು, ನಿಯಂತ್ರಣ ತಪ್ಪಿತು. ನೀವೇ ಕುರ್ಚಿಯಲ್ಲಿ ಕುಳಿತು ಬಲಗೈಯನ್ನು ಎಡಭುಜದ ಹಿಂದಕ್ಕೆ ಚಾಚಿ ನೋಡಿ. ಬಲಗಾಲು ತಾನಾಗಿ ನೆಲವನ್ನು ಒತ್ತುವುದು ಗೊತ್ತಾಗುತ್ತದೆ. ನಕ್ಷೆಯಿಂದ ಅಂಗೈಯಗಲದ ಒಂದು ಬದಲಾವಣೆ. ಕಟ್ಟಿದವರಿಗೆ ಅದರ ಅಭ್ಯಾಸವಿತ್ತು, ಕೊಂಡವರಿಗೆ ಇರಲಿಲ್ಲ.

ಮರಳು ಚೀಲದ ಪರೀಕ್ಷೆ

ಇಷ್ಟೆಲ್ಲ ಆದರೂ ಸಾವಿರಾರು ಮಂದಿ ಕಟ್ಟಿ, ಹಾರಿಸಿ, ಮುದುಕರಾಗಿ ಹಾಸಿಗೆಯಲ್ಲೇ ಕಣ್ಣುಮುಚ್ಚಿದ್ದಾರೆ. ಅದು ಅದೃಷ್ಟವಲ್ಲ, ಪದ್ಧತಿ.

ವಿನ್ಯಾಸಕಾರ ಮೊದಲು ರೆಕ್ಕೆಯನ್ನು ಮುರಿಯಲು ನೋಡುತ್ತಾನೆ. 600 ಕಿಲೋಗ್ರಾಂ ತೂಕದ ವಿಮಾನ ಎನ್ನಿ. ಗಾಳಿಯ ಹೊಡೆತದಲ್ಲಿ, ತಿರುವಿನಲ್ಲಿ ಅದರ ಮೇಲೆ ತೂಕದ 3.8 ಪಟ್ಟು ಭಾರ ಬೀಳಬಹುದೆಂದು ಸಾಮಾನ್ಯ ವಿಮಾನಗಳಿಗೆ ಲೆಕ್ಕ. ಅದರ ಮೇಲೆ ಒಂದೂವರೆ ಪಟ್ಟು ಭದ್ರತೆ. ಗುಣಿಸಿದರೆ 3420 ಕಿಲೋಗ್ರಾಂ. ರೆಕ್ಕೆಗಳನ್ನು ಅಂಗಾತ ತಿರುವಿ ಹಾಕಿ ಅಷ್ಟು ತೂಕದ ಮರಳಿನ ಚೀಲಗಳನ್ನು ಲೆಕ್ಕಾಚಾರದಂತೆ ಪೇರಿಸಬೇಕು. ಸಿಮೆಂಟ್ ಚೀಲದ ಲೆಕ್ಕದಲ್ಲಿ 68 ಚೀಲ! ಮೂರು ಸೆಕೆಂಡು ಮುರಿಯದೆ ನಿಂತರೆ ಪಾಸು. ಅಂಗಾತ ಯಾಕೆಂದರೆ ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸುತ್ತದೆ, ಮರಳು ಕೆಳಕ್ಕೆ ಬಾಗಿಸುತ್ತದೆ.

ಕಟ್ಟುವಾಗಲೂ ಕಣ್ಣು ಎರಡಲ್ಲ, ನಾಲ್ಕು. ಇಂಗ್ಲೆಂಡಿನಲ್ಲಿ ಲಘು ವಿಮಾನ ಸಂಘದ ಇನ್‌ಸ್ಪೆಕ್ಟರ್ ಹಂತಹಂತವಾಗಿ ಬಂದು ನೋಡಿ ಸಹಿ ಹಾಕಬೇಕು. ಮುಚ್ಚುವ ಮುನ್ನ ರೆಕ್ಕೆಯ ಒಳಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಅಮೆರಿಕದಲ್ಲಿ ಹಾರಲು ಪರವಾನಗಿ ಸಿಕ್ಕಮೇಲೂ ಮೊದಲ 25 ಅಥವಾ 40 ಗಂಟೆ ಜನವಸತಿ ವಿರಳವಾದ ಕಡೆ ಪರೀಕ್ಷಾ ಹಾರಾಟ. ಸಂಗಾತಿಗಳನ್ನು ಸುಮ್ಮನೆ ಕೂರಿಸಿಕೊಳ್ಳುವಂತಿಲ್ಲ. ‘ಪ್ರಾಯೋಗಿಕ’ ಎಂಬ ಫಲಕ ಒಳಗೆ ಕುಳಿತವರ ಕಣ್ಣಿಗೆ ಬೀಳುವಂತೆ ಇರಲೇಬೇಕು.

ಹೆಸರಾದ ಕಿಟ್ ಎಂದಮಾತ್ರಕ್ಕೆ ಕಣ್ಣು ಮುಚ್ಚುವಂತಿಲ್ಲ. ಆರ್‌ವಿ ತಯಾರಿಸುವ ಕಂಪನಿ ಕೆಲಕಾಲ ತೂತುಗಳನ್ನು ಪಂಚ್ ಮಾಡುವ ಬದಲು ಲೇಸರಿನಿಂದ ಕತ್ತರಿಸಿತ್ತು. ರಿವೆಟ್ಟಿಗಾಗಿ ತೂತಿನ ಅಂಚನ್ನು ಒತ್ತಿ ತಗ್ಗು ಮಾಡಿದಾಗ ಕೆಲವೆಡೆ ಬಿರುಕು ಕಂಡಿತು. ಸಾವಿರಾರು ಭಾಗಗಳನ್ನು ಬದಲಿಸಿಕೊಡಬೇಕಾಗಿ ಬಂದು, ಇತರ ತಾಪತ್ರಯಗಳೂ ಸೇರಿ, 2023ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆಗಾಗಿ ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ಚೇತರಿಸಿಕೊಂಡಿತು. ಆ ಕೂದಲೆಳೆ ಬಿರುಕುಗಳು ಕಣ್ಣಿಗೆ ಬಿದ್ದದ್ದು ಗ್ಯಾರೇಜುಗಳಲ್ಲಿ ರಾತ್ರಿ ಹೊತ್ತು ಕೆಲಸ ಮಾಡುತ್ತಿದ್ದ ಹವ್ಯಾಸಿಗಳಿಗೆ ಎಂಬುದು ಅವರ ಹೆಗ್ಗಳಿಕೆ.

ನಮ್ಮಲ್ಲಿ ಏನಿದೆ?

ನಮ್ಮ ದೇಶದಲ್ಲಿ ದಾರಿ ಇದೆ, ಆದರೆ ಬಹಳ ಕಿರಿದು. ವಿಮಾನ ನೋಂದಣಿಯಾಗಬೇಕು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಹಾರಾಟ ಅನುಮತಿ ಬೇಕು, ಹಾರಿಸುವವರಿಗೆ ಲೈಸೆನ್ಸ್ ಬೇಕು. 1934ರ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಊರ ಬಯಲಲ್ಲಿ ಸುಮ್ಮನೆ ಎಬ್ಬಿಸಿಬಿಡುತ್ತೇನೆ ಎನ್ನುವುದು ಅಪಾಯವಷ್ಟೇ ಅಲ್ಲ, ಅಪರಾಧ.

ಮುಂಬಯಿಯ ಪೈಲಟ್ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಜನ ಅದನ್ನು ಮುಗಿಬಿದ್ದು ನೋಡಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ, ಧುಳೆಯಲ್ಲಿ ಪರೀಕ್ಷಾ ಹಾರಾಟ 2020ರಲ್ಲಿ. ಅನುಭವಿ ಪೈಲಟ್‌ಗೇ ಇಷ್ಟು ಕಾಲ ಹಿಡಿಯಿತು. ಕಾಗದಪತ್ರ ಇಷ್ಟು ನಿಧಾನವಾಗಬೇಕಿರಲಿಲ್ಲ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಕಡತ ಮಲಗದಿರಲಿ.

ಕರ್ನಾಟಕಕ್ಕೂ ಈ ಕತೆಯಲ್ಲಿ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಈಗಿನ ಎನ್‌ಎಎಲ್, ರುಟಾನ್‌ರ ಅದೇ ಲಾಂಗ್-ಈಝಡ್ ವಿನ್ಯಾಸವನ್ನು ಆಧರಿಸಿ ಒಂದು ಹಗುರ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಫೈಬರ್ ಸಂಯುಕ್ತ ವಸ್ತುಗಳಿಂದಲೇ ಕಟ್ಟಿದ ಎರಡು ಸೀಟಿನ ‘ಹಂಸ’ 1993ರಲ್ಲಿ ಹಾರಿತು. ಬೆಂಗಳೂರಿನದೇ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ‘ಎಕ್ಸ್-ಏರ್’ ಹಗುರ ವಿಮಾನದ ಕಿಟ್‌ಗಳನ್ನು ಇಂಗ್ಲೆಂಡಿನ ಹವ್ಯಾಸಿಗಳು ತರಿಸಿಕೊಂಡು ಜೋಡಿಸಿ ಹಾರಿಸಿದ್ದಾರೆ.

ಹಾಗಾದರೆ ಒಂಬತ್ತನೇ ತರಗತಿಯ ಹುಡುಗಿಗೆ ಈಗಲೇ ಏನಾದರೂ ಮಾಡಬೇಕೆನಿಸಿದರೆ? ತೆಳುಮರದ ಗ್ಲೈಡರಿನಿಂದ ಶುರುಮಾಡಬಹುದು. ರೆಕ್ಕೆಯ ಕೋನ, ಗುರುತ್ವ ಕೇಂದ್ರ, ಬಾಲದ ಅಳತೆ ಇವನ್ನೆಲ್ಲ ಅದು ಕಲಿಸುತ್ತದೆ. ನೂರು ಸಲ ಬಿದ್ದರೂ ಯಾರ ಕೈಕಾಲೂ ಮುರಿಯುವುದಿಲ್ಲ. ಆಮೇಲೆ ರಿಮೋಟ್ ಮಾದರಿ, ವಿಮಾನನಿಲ್ದಾಣದಿಂದ ದೂರದಲ್ಲಿ, ಬಲ್ಲವರ ಜೊತೆ. ಎನ್‌ಸಿಸಿಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಹೇಳಿಕೊಡುತ್ತಾರೆ, ಹಗುರ ವಿಮಾನದಲ್ಲಿ ಕರೆದೊಯ್ಯುತ್ತಾರೆ. ಅವರು ಬಳಸಿದ ‘ಝೆನ್ ಏರ್ 701’ ಮೂಲತಃ ಹವ್ಯಾಸಿಗಳ ಕಿಟ್ ಆಗಿಯೇ ಹೆಸರಾದದ್ದು. ಬೆಂಗಳೂರಿಗೆ ಹೋದಾಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿರುವ ರೈಟ್ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯ ಮುಂದೆ ಹತ್ತು ನಿಮಿಷ ನಿಂತು ತಂತಿ, ಕೀಲುಗಳನ್ನು ನೋಡಿ ಬರಬಹುದು. ವಯಸ್ಸು 16 ತುಂಬಿದರೆ ವಿದ್ಯಾರ್ಥಿ ಪೈಲಟ್ ಲೈಸೆನ್ಸ್, 17ಕ್ಕೆ ಖಾಸಗಿ ಪೈಲಟ್ ಲೈಸೆನ್ಸ್. ಅದಕ್ಕೆ 40 ಗಂಟೆ ಹಾರಾಟ ಬೇಕು. ಖರ್ಚು ಎಲ್ಲ ಮನೆಗಳಿಗೂ ನಿಲುಕುವಂಥದಲ್ಲ ಎಂಬುದೂ ನಿಜವೇ.

ಮಕ್ಕಳೇ ಸೇರಿ ನಿಜವಾದ ವಿಮಾನ ಕಟ್ಟಿದ ಉದಾಹರಣೆಯೂ ಇದೆ. 2019ರಲ್ಲಿ ದಕ್ಷಿಣ ಆಫ್ರಿಕಾದ 20 ಹದಿಹರೆಯದವರು, 17ರ ಹುಡುಗಿಯೊಬ್ಬಳ ಮುಂದಾಳತ್ವದಲ್ಲಿ, ನಾಲ್ಕು ಸೀಟಿನ ಸ್ಲಿಂಗ್ ಕಿಟ್ ಅನ್ನು ಮೂರು ವಾರದಲ್ಲಿ ಜೋಡಿಸಿದರು. ಕೇಪ್‌ಟೌನಿನಿಂದ ಈಜಿಪ್ಟಿನ ಕೈರೋಗೆ ಆಫ್ರಿಕಾ ಖಂಡದ ಉದ್ದಕ್ಕೂ ಅದನ್ನು ಹಾರಿಸಿದರು. ಅವರ ಕೆಲಸವನ್ನು ಪರಿಣತರು ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಿದ್ದರು. ಎಂಜಿನ್ ಹಾಗೂ ವಿದ್ಯುನ್ಮಾನ ಉಪಕರಣಗಳನ್ನು ಕೂರಿಸಿದ್ದು ಮಕ್ಕಳಲ್ಲ, ಬಲ್ಲವರೇ. ಇಪ್ಪತ್ತು ಮಂದಿಯಲ್ಲಿ ಪೈಲಟ್ ಲೈಸೆನ್ಸ್ ಇದ್ದ ಆರು ಮಂದಿ ಮಾತ್ರ ಕೋಲು ಹಿಡಿದರು. ದಾರಿಯುದ್ದಕ್ಕೂ ವೃತ್ತಿನಿರತ ಪೈಲಟ್ಟುಗಳ ಇನ್ನೊಂದು ವಿಮಾನ ಅವರ ಜೊತೆಗೇ ಹಾರುತ್ತಿತ್ತು.